ಯಾವ ಪಂದ್ಯಕ್ಕೆ ಲೆಕ್ಕ, ಯಾವುದಕ್ಕೆ ಇಲ್ಲ: ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟದ ಕೆಲಸ

2025ರ ಜುಲೈನಲ್ಲಿ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಆವೃತ್ತಿಯನ್ನು ತಡೆಹಿಡಿಯಲಾಗಿದೆ ಎಂಬ ಸುದ್ದಿ ಹೊರಬಿತ್ತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಪಂದ್ಯ ನೋಡಲೆಂದೇ ಹಾಸನದಿಂದ, ಚಿಕ್ಕಮಗಳೂರಿನಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಬರುವ ಅಭಿಮಾನಿಗಳಲ್ಲಿ ಆಗ ಒಂದು ಗೊಂದಲ ಹುಟ್ಟಿತು. ಲೀಗ್ ನಡೆಸುತ್ತಿದ್ದುದು ಒಂದು ಕಂಪನಿ, ಆಡುವವು ಕ್ಲಬ್‌ಗಳು, ವಿಚಾರಣೆ ನಡೆಯುತ್ತಿದ್ದುದು ಸುಪ್ರೀಂ ಕೋರ್ಟ್‌ನಲ್ಲಿ, ಎಚ್ಚರಿಕೆಯ ಪತ್ರ ಬಂದದ್ದು ಫುಟ್‌ಬಾಲ್‌ನ ಜಾಗತಿಕ ಒಕ್ಕೂಟವಾದ ಫಿಫಾದಿಂದ. ಹಾಗಿದ್ದ ಮೇಲೆ ದೆಹಲಿಯಲ್ಲಿರುವ ಫೆಡರೇಷನ್‌ನ ಕೆಲಸವಾದರೂ ಏನು?

ಇದೇ ಪ್ರಶ್ನೆ ಬೇರೆ ರೂಪದಲ್ಲಿ ತಂದೆತಾಯಿಗಳಿಗೂ ಎದುರಾಗುತ್ತದೆ. ಬೇಸಿಗೆ ಶಿಬಿರದಲ್ಲಿ ಚೆನ್ನಾಗಿ ಆಡಿದ ಮಗುವನ್ನು ಆಯ್ಕೆ ಪಂದ್ಯಕ್ಕೆ ಕಳುಹಿಸುವಾಗ ಜನನ ಪ್ರಮಾಣಪತ್ರ ಕೇಳುತ್ತಾರೆ, ನೋಂದಣಿ ಸಂಖ್ಯೆ ಕೇಳುತ್ತಾರೆ, ಯಾವ ಕ್ಲಬ್ ಎಂದು ಕೇಳುತ್ತಾರೆ. ಚೆಂಡು ಒದೆಯುವ ಆಟಕ್ಕೆ ಇಷ್ಟೆಲ್ಲ ಕಾಗದಪತ್ರ ಏಕೆ ಎಂಬ ಅವರ ಸಂದೇಹ ಸಹಜವಾದದ್ದೇ. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ.

ಕೆಳಗಿನಿಂದ ಕಟ್ಟಿದ ಸಂಸ್ಥೆ

ಭಾರತದಲ್ಲಿ ಫುಟ್‌ಬಾಲ್ ಆಡಳಿತದ ಹೊಣೆ ಹೊತ್ತಿರುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದರೆ ಎಐಎಫ್‌ಎಫ್. ಇದು ಸರ್ಕಾರದ ಇಲಾಖೆಯಲ್ಲ, ಲಾಭಕ್ಕಾಗಿ ನಡೆಯುವ ಕಂಪನಿಯೂ ಅಲ್ಲ. ಸದಸ್ಯ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಒಕ್ಕೂಟ. 1937ರ ಜೂನ್ 23ರಂದು ಶಿಮ್ಲಾದಲ್ಲಿ ಆರು ಪ್ರಾದೇಶಿಕ ಸಂಸ್ಥೆಗಳ ಪ್ರತಿನಿಧಿಗಳು ಸಭೆ ಸೇರಿ ಇದನ್ನು ಸ್ಥಾಪಿಸಿದರು. ಆಟ ಮಾತ್ರ ಅದಕ್ಕೂ ಬಹಳ ಮೊದಲೇ ಬೇರೂರಿತ್ತು. ಡುರಾಂಡ್ ಕಪ್ ಶುರುವಾದದ್ದು 1888ರಲ್ಲಿ, ಕಲ್ಕತ್ತೆಯ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1893ರಲ್ಲಿ. ಹೆಸರಿನಲ್ಲಿ ‘ಇಂಡಿಯನ್’ ಎಂದಿದ್ದರೂ ಈ ಕಲ್ಕತ್ತೆಯ ಸಂಸ್ಥೆ ಇಂದು ಬಂಗಾಳದ ರಾಜ್ಯ ಸಂಸ್ಥೆ ಮಾತ್ರ ಎಂಬುದನ್ನು ಓದುಗರು ನೆನಪಿಡಬೇಕು, ಏಕೆಂದರೆ ಸುದ್ದಿಗಳಲ್ಲಿ ಎರಡನ್ನೂ ಒಂದೇ ಎಂದು ಭಾವಿಸುವುದು ಆಗಾಗ ಕಂಡುಬರುತ್ತದೆ.

ನಮ್ಮ ಕಡೆಯವರಿಗೆ ಈ ರಚನೆಯನ್ನು ಹಾಲಿನ ಡೇರಿಯ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ಊರಿನ ಡೇರಿಯಲ್ಲಿ ಹಾಲನ್ನು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಊರೂರಿನ ಸಂಘಗಳು ಸೇರಿದರೆ ಹಾಸನ ಹಾಲು ಒಕ್ಕೂಟ, ಅಂಥ ಒಕ್ಕೂಟಗಳೆಲ್ಲ ಸೇರಿದರೆ ಕೆಎಂಎಫ್. ಹಸು ಸಾಕುವವನು ರೈತನೇ, ಕೆಎಂಎಫ್ ಅಲ್ಲ. ಆದರೂ ಡೇರಿಯ ಪುಸ್ತಕದಲ್ಲಿ ಬರೆಯದ ಹಾಲು ನಂದಿನಿ ಪ್ಯಾಕೆಟ್ಟಿಗೆ ಸೇರುವುದಿಲ್ಲ. ಫುಟ್‌ಬಾಲ್‌ನಲ್ಲೂ ಕ್ಲಬ್‌ಗಳು ಮತ್ತು ಜಿಲ್ಲಾ ಸಂಸ್ಥೆಗಳು ಕೆಳಗಿನ ಹಂತ, ಅವುಗಳ ಮೇಲೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಅದರ ಮೇಲೆ ಎಐಎಫ್‌ಎಫ್. ಆಡುವವರು ಕೆಳಗಿದ್ದಾರೆ, ಆಡಿದ್ದನ್ನು ಅಧಿಕೃತವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಅಧಿಕಾರ ಮೇಲಕ್ಕೆ ಹೋಗುತ್ತದೆ.

ರಾಜ್ಯ ಸಂಸ್ಥೆಗಳ ನಡುವಿನ ಸಂತೋಷ್ ಟ್ರೋಫಿ ಈ ರಚನೆಯ ಅತಿ ಹಳೆಯ ಫಲಗಳಲ್ಲಿ ಒಂದು. 1941ರಲ್ಲಿ ಆರಂಭವಾದ ಈ ಪಂದ್ಯಾವಳಿಯನ್ನು ಮೈಸೂರು ತಂಡ ನಾಲ್ಕು ಬಾರಿ ಗೆದ್ದಿತ್ತು. ಕೊನೆಯದು 1968–69ರಲ್ಲಿ. ಆ ಬಳಿಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಕಪ್ ಎತ್ತಿತು. ಕ್ಲಬ್ ಫುಟ್‌ಬಾಲ್‌ನ ಅಬ್ಬರದಲ್ಲಿ ಈ ಗೆಲುವಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎಂಬುದು ನನ್ನ ಭಾವನೆ.

ಮೇಲೆ ಯಾರಿದ್ದಾರೆ?

ಎಐಎಫ್‌ಎಫ್ 1948ರಲ್ಲಿ ಫಿಫಾದ ಸದಸ್ಯತ್ವ ಪಡೆಯಿತು; 1954ರಲ್ಲಿ ಸ್ಥಾಪನೆಯಾದ ಏಷ್ಯಾ ಒಕ್ಕೂಟ ಎಎಫ್‌ಸಿಯ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಇಂದು ಫಿಫಾಕ್ಕೆ 211 ಸದಸ್ಯ ಸಂಸ್ಥೆಗಳಿವೆ. ಬ್ರಿಟನ್‌ನಂಥ ಕೆಲವು ಚಾರಿತ್ರಿಕ ವಿನಾಯಿತಿಗಳನ್ನು ಬಿಟ್ಟರೆ ಒಂದು ದೇಶಕ್ಕೆ ಒಂದೇ ಸಂಸ್ಥೆ ಎಂಬುದು ಫಿಫಾದ ಮೂಲ ನಿಯಮ. ಇದರ ಪರಿಣಾಮ ದೊಡ್ಡದು: ಭಾರತದ ಹೆಸರಿನಲ್ಲಿ ತಂಡ ಕಳುಹಿಸುವ ಹಕ್ಕು ಇನ್ನೊಂದು ಸಂಸ್ಥೆಗೆ ಇರುವುದಿಲ್ಲ, ಅದು ಎಷ್ಟೇ ಶ್ರೀಮಂತವಾಗಿರಲಿ, ಎಷ್ಟೇ ಜನಪ್ರಿಯವಾಗಿರಲಿ.

ಆಟದ ನಿಯಮಗಳನ್ನು ಎಐಎಫ್‌ಎಫ್ ಬರೆಯುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲದ ಸಂಗತಿ. ಆಫ್‌ಸೈಡ್ ಎಂದರೇನು, ಪೆನಾಲ್ಟಿ ಯಾವಾಗ ಎಂಬುದನ್ನು ತೀರ್ಮಾನಿಸುವುದು ಐಎಫ್‌ಎಬಿ ಎಂಬ ಪ್ರತ್ಯೇಕ ಮಂಡಳಿ. ಅದರಲ್ಲಿ ಬ್ರಿಟನ್‌ನ ನಾಲ್ಕು ಸಂಸ್ಥೆಗಳಿಗೆ ತಲಾ ಒಂದು ಮತ, ಫಿಫಾಕ್ಕೆ ನಾಲ್ಕು ಮತ. ನಿಯಮ ಬದಲಾಗಬೇಕಾದರೆ ಎಂಟರಲ್ಲಿ ಆರು ಮತ ಬೇಕು. ಅಲ್ಲಿ ಬದಲಾದ ನಿಯಮವನ್ನು ದೇಶದ ರೆಫರಿಗಳಿಗೆ, ತರಬೇತುದಾರರಿಗೆ ತಲುಪಿಸಿ, ಮೂಡಿಗೆರೆಯ ಮೈದಾನದಲ್ಲೂ ಮ್ಯಾಡ್ರಿಡ್‌ನ ಮೈದಾನದಲ್ಲೂ ಆಫ್‌ಸೈಡ್ ಒಂದೇ ಆಗಿರುವಂತೆ ನೋಡಿಕೊಳ್ಳುವುದು ರಾಷ್ಟ್ರೀಯ ಒಕ್ಕೂಟದ ಹೊಣೆ.

ನೋಂದಣಿ: ಎಲ್ಲದರ ಬುಡ

ಒಕ್ಕೂಟದ ಕೆಲಸಗಳಲ್ಲಿ ಕಣ್ಣಿಗೆ ಕಾಣದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಆಟಗಾರರ ನೋಂದಣಿ. ಸಕಲೇಶಪುರದ ಹದಿಮೂರು ವರ್ಷದ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳೋಣ. ಎಸ್ಟೇಟ್ ಶಾಲೆಯ ಬಯಲಿನಲ್ಲಿ, ತೋಟದ ಹುಡುಗರ ಜೊತೆ ಅವಳು ಎಷ್ಟು ಚೆನ್ನಾಗಿ ಆಡಿದರೂ ಆ ಆಟಕ್ಕೆ ದಾಖಲೆ ಇಲ್ಲ. ಅವಳು ಮಾನ್ಯತೆ ಪಡೆದ ಕ್ಲಬ್ ಅಥವಾ ಅಕಾಡೆಮಿಯೊಂದಕ್ಕೆ ಸೇರಿ, ಆ ಕ್ಲಬ್ ಅವಳ ಹೆಸರು, ಜನ್ಮದಿನಾಂಕ, ಭಾವಚಿತ್ರ ಮತ್ತು ದಾಖಲೆಗಳನ್ನು ಎಐಎಫ್‌ಎಫ್‌ನ ಸಿಆರ್‌ಎಸ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆಗೆ ಸೇರಿಸಿ, ರಾಜ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ನೀಡಿದ ದಿನದಿಂದ ಅವಳು ದೇಶದ ಫುಟ್‌ಬಾಲ್ ಲೆಕ್ಕದಲ್ಲಿ ಸೇರುತ್ತಾಳೆ. ಮುಂದೆ ಅವಳು ಬೆಂಗಳೂರಿನ ಕ್ಲಬ್‌ಗೆ ಹೋದರೂ, ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಆಡಿದರೂ, ವಿದೇಶಕ್ಕೆ ಹೋದರೂ ಅದೇ ದಾಖಲೆ ಜೊತೆಯಲ್ಲಿ ಸಾಗುತ್ತದೆ.

ಜನನ ಪ್ರಮಾಣಪತ್ರದ ಬಗ್ಗೆ ಅಷ್ಟು ಬಿಗಿ ಏಕೆ ಎಂದರೆ ವಯಸ್ಸಿನ ವಂಚನೆ ಕಿರಿಯರ ಫುಟ್‌ಬಾಲ್‌ನ ದೊಡ್ಡ ರೋಗ. ಹದಿನಾರು ವರ್ಷದವನನ್ನು ಹದಿಮೂರರ ತಂಡದಲ್ಲಿ ಆಡಿಸಿದರೆ ನಿಜವಾಗಿ ಹದಿಮೂರು ವರ್ಷದವನ ಜಾಗ ಹೋಗುತ್ತದೆ, ಅವನ ಕಾಲಿಗೂ ಅಪಾಯ. ಆದ್ದರಿಂದ ರಾಷ್ಟ್ರಮಟ್ಟದ ಕಿರಿಯರ ಪಂದ್ಯಾವಳಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಟಿಡಬ್ಲ್ಯು3 ವಿಧಾನವನ್ನೂ ಬಳಸುತ್ತಾರೆ.

ನೋಂದಣಿಯಿಂದ ಹಣದ ಹಕ್ಕೂ ಹುಟ್ಟುತ್ತದೆ. ಒಪ್ಪಂದದ ಅವಧಿ ಮುಗಿಯುವ ಮೊದಲೇ ಆಟಗಾರನೊಬ್ಬನನ್ನು ಬೇರೆ ದೇಶದ ಕ್ಲಬ್ ಹಣ ಕೊಟ್ಟು ಕೊಂಡರೆ, ಆ ಮೊತ್ತದ ಶೇ 5ರಷ್ಟನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂದು ಫಿಫಾ ನಿಯಮ ಹೇಳುತ್ತದೆ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇ 0.25, ನಂತರದ ಪ್ರತಿ ವರ್ಷಕ್ಕೆ ಶೇ 0.5. ಸಣ್ಣ ಊರಿನ ಕ್ಲಬ್ ಒಂದಕ್ಕೆ ಇದು ಮೈದಾನವನ್ನೇ ಸರಿಪಡಿಸುವಷ್ಟು ದೊಡ್ಡ ಮೊತ್ತವಾಗಬಹುದು. ಆದರೆ ಆ ವರ್ಷಗಳಲ್ಲಿ ಹುಡುಗ ತಮ್ಮಲ್ಲಿ ನೋಂದಣಿಯಾಗಿದ್ದ ಎಂಬ ದಾಖಲೆ ಇದ್ದರೆ ಮಾತ್ರ ಕ್ಲಬ್ ಆ ಪಾಲನ್ನು ಕೇಳಬಹುದು. ಹುಡುಗ ನಮ್ಮಲ್ಲೇ ಆಡಿ ಬೆಳೆದವನು ಎಂದು ಇಡೀ ಊರು ಸಾಕ್ಷಿ ಹೇಳಿದರೂ ಪ್ರಯೋಜನವಿಲ್ಲ.

ದಾಖಲೆಯ ತೂಕ ಎಷ್ಟೆಂಬುದಕ್ಕೆ ದೇಶದ ಎರಡನೇ ಹಂತದ ಲೀಗ್ ಆದ 2024–25ರ ಐ-ಲೀಗ್‌ಗಿಂತ ಸ್ಪಷ್ಟವಾದ ಉದಾಹರಣೆ ಬೇಡ. ಲೀಗ್ ಮುಗಿದಾಗ ಗೋವಾದ ಚರ್ಚಿಲ್ ಬ್ರದರ್ಸ್ ಬಳಿ 40 ಅಂಕ, ಇಂಟರ್ ಕಾಶಿ ಬಳಿ 39 ಅಂಕ ಇದ್ದವು. ಆದರೆ ಕೆಲವು ಆಟಗಾರರನ್ನು ಆಡಿಸಲು ಅರ್ಹತೆ ಇತ್ತೇ ಇಲ್ಲವೇ ಎಂಬ ತಕರಾರುಗಳು ಬಾಕಿ ಇದ್ದವು. ಎಐಎಫ್‌ಎಫ್‌ನ ಮೇಲ್ಮನವಿ ಸಮಿತಿಯ ತೀರ್ಮಾನದಂತೆ ಚರ್ಚಿಲ್ ಚಾಂಪಿಯನ್ ಆಯಿತು. ಇಂಟರ್ ಕಾಶಿ ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2025ರ ಜುಲೈ 18ರಂದು ಅಲ್ಲಿಂದ ಬಂದ ತೀರ್ಪು ಇಂಟರ್ ಕಾಶಿಯನ್ನೇ ಚಾಂಪಿಯನ್ ಎಂದು ಘೋಷಿಸಿತು. ಕೊನೆಯ ಪಂದ್ಯದ ಸೀಟಿ ಊದಿ ತಿಂಗಳುಗಳೇ ಕಳೆದ ಮೇಲೆ, ಮೈದಾನದಲ್ಲಿ ಯಾರೂ ಚೆಂಡು ಮುಟ್ಟದೆ, ಕಪ್ ಕೈಬದಲಾಯಿತು. ಶಿಸ್ತು ಸಮಿತಿ, ಅದರ ಮೇಲೆ ಮೇಲ್ಮನವಿ ಸಮಿತಿ, ಅದರ ಮೇಲೆ ಲೋಸಾನ್ ಎಂಬ ಈ ನ್ಯಾಯದ ಮೆಟ್ಟಿಲುಗಳನ್ನು ಇಟ್ಟುಕೊಳ್ಳುವುದೂ ಒಕ್ಕೂಟದ ಕಡ್ಡಾಯ ಕರ್ತವ್ಯ.

ತಂಡ, ರೆಫರಿ, ತರಬೇತುದಾರ

ರಾಷ್ಟ್ರೀಯ ತಂಡಗಳನ್ನು ಕಟ್ಟುವುದು ಎಲ್ಲರಿಗೂ ಕಾಣುವ ಕೆಲಸ. ಹಿರಿಯರ ಮತ್ತು ಕಿರಿಯರ, ಪುರುಷರ ಮತ್ತು ಮಹಿಳೆಯರ ತಂಡಗಳಿಗೆ ಕೋಚ್ ನೇಮಕ, ಶಿಬಿರ, ವಿದೇಶ ಪ್ರವಾಸ ಎಲ್ಲವೂ ಎಐಎಫ್‌ಎಫ್‌ನದೇ. ಫಿಫಾ ನಿಗದಿಪಡಿಸಿದ ದಿನಗಳಲ್ಲಿ ಕ್ಲಬ್‌ಗಳು ಆಟಗಾರರನ್ನು ದೇಶದ ತಂಡಕ್ಕೆ ಬಿಟ್ಟುಕೊಡಲೇಬೇಕು. ಫಲಿತಾಂಶಗಳು ಎರಡೂ ಬಗೆಯಲ್ಲಿ ಬಂದಿವೆ: 2025ರ ಜುಲೈ 5ರಂದು ಥಾಯ್ಲೆಂಡ್ ತಂಡವನ್ನು ಅವರದೇ ನೆಲದಲ್ಲಿ 2–1ರಿಂದ ಮಣಿಸಿದ ಭಾರತದ ಮಹಿಳೆಯರು 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ 1–2ರಿಂದ ಸೋತ ಪುರುಷರ ತಂಡ 2027ರ ಏಷ್ಯಾ ಕಪ್ ಅವಕಾಶವನ್ನು ಕಳೆದುಕೊಂಡಿತು.

ರೆಫರಿಗಳನ್ನು ಪರೀಕ್ಷಿಸಿ ಶ್ರೇಣಿ ಕೊಡುವುದು, ತರಬೇತುದಾರರಿಗೆ ಡಿ, ಸಿ, ಬಿ, ಎ, ಪ್ರೊ ಎಂಬ ಹಂತಗಳಲ್ಲಿ ಪರವಾನಗಿ ವ್ಯವಸ್ಥೆ ನಡೆಸುವುದು ಇನ್ನೊಂದು ಭಾಗ. ಊರಿನ ಶಿಬಿರವೊಂದರ ಗುಣಮಟ್ಟ ತಿಳಿಯಬೇಕಾದರೆ ತರಬೇತುದಾರರ ಪರವಾನಗಿ ಯಾವ ಹಂತದ್ದು ಎಂದು ಕೇಳುವುದು ಅತ್ಯಂತ ಸರಳ ಉಪಾಯ.

ಎಲ್ಲ ಪಂದ್ಯಾವಳಿಗಳನ್ನೂ ಎಐಎಫ್‌ಎಫ್ ತಾನೇ ನಡೆಸುವುದಿಲ್ಲ. ಡುರಾಂಡ್ ಕಪ್ ಅನ್ನು ಸೇನೆ ನಡೆಸುತ್ತದೆ, ಶಾಲಾ ಮಕ್ಕಳ ಸುಬ್ರತೊ ಕಪ್‌ನ ಹಿಂದೆ ವಾಯುಪಡೆ ಇದೆ. ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ ಎಂಬ ಹಂತಗಳಲ್ಲಿ ನಡೆಯುವ ಶಾಲಾ ಕ್ರೀಡಾಕೂಟಗಳು ಶಿಕ್ಷಣ ಇಲಾಖೆಯ ವ್ಯವಸ್ಥೆ. ಶಾಲಾ ತಂಡದಲ್ಲಿ ರಾಜ್ಯಮಟ್ಟಕ್ಕೆ ಆಡಿದ ಮಗು ತಾನಾಗಿಯೇ ಫೆಡರೇಷನ್‌ನ ದಾಖಲೆಗೆ ಸೇರಿತು ಎಂದು ತಿಳಿಯಬಾರದು. ಅದು ಬೇರೆ ದಾರಿ, ಇದು ಬೇರೆ ದಾರಿ.

ಹಣ ಎಲ್ಲಿಂದ?

2010ರಲ್ಲಿ ಎಐಎಫ್‌ಎಫ್ ತನ್ನ ವಾಣಿಜ್ಯ ಹಕ್ಕುಗಳನ್ನು, ಅಂದರೆ ಪ್ರಸಾರ, ಪ್ರಾಯೋಜಕತ್ವ ಮತ್ತು ಹೊಸ ಲೀಗ್ ನಡೆಸುವ ಹಕ್ಕುಗಳನ್ನು, ಐಎಂಜಿ-ರಿಲಯನ್ಸ್‌ಗೆ 15 ವರ್ಷಗಳ ಅವಧಿಗೆ 700 ಕೋಟಿ ರೂಪಾಯಿಗೆ ನೀಡಿತು. ಅದರಿಂದ ಹುಟ್ಟಿದ್ದೇ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ಮತ್ತು 2014ರ ಇಂಡಿಯನ್ ಸೂಪರ್ ಲೀಗ್. ಈ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಲೀಗ್ ನಡೆಯುವುದು ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗಿ ಬೇಸಿಗೆಯವರೆಗೆ. ನಡುವೆಯೇ ಹಕ್ಕು ಮುಗಿದುಹೋಗುವ ಲೀಗಿಗೆ ಹಣ ಹಾಕುವವರು ಯಾರು? ಇತ್ತ ಫೆಡರೇಷನ್‌ನ ಹೊಸ ನಿಯಮಾವಳಿಯ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಗದೆ ಹೊಸ ಒಪ್ಪಂದಕ್ಕೆ ಸಹಿ ಹಾಕುವಂತಿರಲಿಲ್ಲ. ಲೀಗ್ ನಿಂತದ್ದು ಹೀಗೆ. ಆಮೇಲೆ ಕರೆದ ಟೆಂಡರ್‌ಗೆ ಒಂದು ಬಿಡ್ ಕೂಡ ಬರಲಿಲ್ಲ. ಕೊನೆಗೆ 2026ರ ಫೆಬ್ರುವರಿ 14ರಂದು ಮೊಟಕುಗೊಳಿಸಿದ ರೂಪದಲ್ಲಿ ಆಟ ಶುರುವಾಯಿತು.

ಉಳಿದಂತೆ, ಫಿಫಾದ ‘ಫಾರ್ವರ್ಡ್’ ಯೋಜನೆಯಡಿ 2023ರಿಂದ 2026ರವರೆಗಿನ ನಾಲ್ಕು ವರ್ಷಕ್ಕೆ ಪ್ರತಿ ಸದಸ್ಯ ಸಂಸ್ಥೆಗೆ ಗರಿಷ್ಠ 80 ಲಕ್ಷ ಡಾಲರ್ ದೊರೆಯಬಹುದು. ಎಎಫ್‌ಸಿಯಿಂದಲೂ ಕೇಂದ್ರ ಕ್ರೀಡಾ ಸಚಿವಾಲಯದಿಂದಲೂ ನೆರವು ಬರುತ್ತದೆ. ಮೇಲಿನ ಲೀಗ್‌ನಿಂದ ಬರುವ ಹಣ ನಿಂತರೆ ಕೆಳಗಿನ ಹಂತದ ಲೀಗ್‌ಗಳು, ಮಹಿಳಾ ಫುಟ್‌ಬಾಲ್, ಕಿರಿಯರ ಪಂದ್ಯಾವಳಿಗಳು ಮೊದಲು ಸೊರಗುತ್ತವೆ. ಬೆಂಗಳೂರಿನ ದೊಡ್ಡ ಕ್ಲಬ್‌ಗೆ ಬಂದ ಕಷ್ಟ ನಮ್ಮ ಜಿಲ್ಲೆಯ ಮಕ್ಕಳಿಗೂ ಸಂಬಂಧಿಸಿದ್ದು ಈ ಕಾರಣಕ್ಕೆ.

2022ರ ಆಗಸ್ಟ್: ನಿಷೇಧ ಎಂದರೆ ಏನೆಂದು ತಿಳಿದ ದಿನಗಳು

ರಾಷ್ಟ್ರೀಯ ಒಕ್ಕೂಟ ಸ್ವತಂತ್ರವಾಗಿರಬೇಕು, ಅದರ ಆಡಳಿತವನ್ನು ಹೊರಗಿನವರು ನಡೆಸಬಾರದು ಎಂಬುದು ಫಿಫಾದ ಷರತ್ತು. ಅದೇ ಹೊತ್ತಿಗೆ, ದೇಶದ ಹೆಸರನ್ನೂ ಸಾರ್ವಜನಿಕರ ಹಣವನ್ನೂ ಬಳಸುವ ಸಂಸ್ಥೆ ದೇಶದ ಕಾನೂನಿಗೆ ಉತ್ತರ ಹೇಳಬೇಕು ಎಂಬುದು ನಮ್ಮ ನ್ಯಾಯಾಲಯಗಳ ನಿಲುವು. ಎರಡೂ ನ್ಯಾಯವಾದ ಮಾತುಗಳೇ. ಅವು ಡಿಕ್ಕಿ ಹೊಡೆದದ್ದು 2022ರಲ್ಲಿ.

ಪ್ರಫುಲ್ ಪಟೇಲ್ ನೇತೃತ್ವದ ಆಡಳಿತ ಮಂಡಳಿಯ ಅವಧಿ 2020ರ ಡಿಸೆಂಬರ್‌ನಲ್ಲೇ ಮುಗಿದಿದ್ದರೂ ಚುನಾವಣೆ ನಡೆದಿರಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಆ ಮಂಡಳಿಯನ್ನು ಬದಿಗೆ ಸರಿಸಿ, ದೈನಂದಿನ ಆಡಳಿತವನ್ನು ಮೂವರು ಆಡಳಿತಗಾರರ ಸಮಿತಿಗೆ ವಹಿಸಿತು. ಇದನ್ನು ‘ಮೂರನೆಯವರ ಅನುಚಿತ ಪ್ರಭಾವ’ ಎಂದು ಕರೆದ ಫಿಫಾ, ಆಗಸ್ಟ್ ಮಧ್ಯದಲ್ಲಿ ಎಐಎಫ್‌ಎಫ್ ಅನ್ನು ಅಮಾನತು ಮಾಡಿತು.

ಆ ಹೊತ್ತಿಗೆ ಗೋಕುಲಂ ಕೇರಳ ಮಹಿಳಾ ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಹೋಗಿ ಇಳಿದಿತ್ತು. ಭಾರತದ ಚಾಂಪಿಯನ್ ಆಗಿ, ನ್ಯಾಯವಾಗಿ ಅರ್ಹತೆ ಗಳಿಸಿ ಬಂದವರು ಅವರು. ಅವರ ದೇಶದ ಒಕ್ಕೂಟಕ್ಕೆ ಮಾನ್ಯತೆಯೇ ಇಲ್ಲದ ಕಾರಣ ಒಂದು ಪಂದ್ಯವನ್ನೂ ಆಡದೆ ವಾಪಸು ಬರಬೇಕಾಯಿತು. ಕ್ಲಬ್ ಪ್ರಧಾನಮಂತ್ರಿಗಳಿಗೆ ಮನವಿ ಮಾಡಿಕೊಂಡರೂ ಫಲ ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ಭಾರತದಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಕೂಡ ತೂಗುಯ್ಯಾಲೆಯಲ್ಲಿತ್ತು. ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿಯನ್ನು ರದ್ದುಗೊಳಿಸಿತು, 26ರಂದು ಫಿಫಾ ಅಮಾನತನ್ನು ತೆರವು ಮಾಡಿತು, ಸೆಪ್ಟೆಂಬರ್ 2ರಂದು ಚುನಾವಣೆ ನಡೆದು ಕಲ್ಯಾಣ್ ಚೌಬೆ ಅವರು ಭಾರತ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾ ಅವರನ್ನು 33–1 ಮತಗಳಿಂದ ಸೋಲಿಸಿ ಅಧ್ಯಕ್ಷರಾದರು. ವಿಶ್ವಕಪ್ ಉಳಿಯಿತು. ತಾಷ್ಕೆಂಟ್‌ನಿಂದ ಮರಳಿದ ಆಟಗಾರ್ತಿಯರಿಗೆ ಮಾತ್ರ ಆ ಪಂದ್ಯಗಳು ಮತ್ತೆ ಸಿಗಲಿಲ್ಲ. ಆಡಳಿತದ ತಪ್ಪಿಗೆ ಆಡುವವರು ಬೆಲೆ ತೆರುವುದು ಎಷ್ಟು ನೋವಿನ ಸಂಗತಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಗೊತ್ತಿಲ್ಲ.

ಮತ ಯಾರ ಕೈಯಲ್ಲಿದೆ?

33–1 ಎಂಬ ಆ ಅಂಕಿಯನ್ನು ಸ್ವಲ್ಪ ನಿಂತು ನೋಡಬೇಕು. ದೇಶದ ಫುಟ್‌ಬಾಲ್ ಮುಖ್ಯಸ್ಥರನ್ನು ಆರಿಸಿದ್ದು ಮೂವತ್ತನಾಲ್ಕು ಮತಗಳು, ಅವೆಲ್ಲ ರಾಜ್ಯ ಸಂಸ್ಥೆಗಳವು. ಕರ್ನಾಟಕ ಸಂಸ್ಥೆಯ ಅಧ್ಯಕ್ಷ ಎನ್.ಎ. ಹ್ಯಾರಿಸ್ ಅವರು ಅದೇ ಚುನಾವಣೆಯಲ್ಲಿ ಉಪಾಧ್ಯಕ್ಷರಾದರು. ಆಟಗಾರರಿಗೆ, ಕೋಚ್‌ಗಳಿಗೆ, ರೆಫರಿಗಳಿಗೆ ತಮ್ಮದೇ ಮತ ಇರಲಿಲ್ಲ. ಇದನ್ನು ಬದಲಿಸುವ ಹೊಸ ನಿಯಮಾವಳಿಯನ್ನು ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಿದ್ಧಪಡಿಸಿದರು. 2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಕೆಲವು ಮಾರ್ಪಾಡುಗಳೊಂದಿಗೆ ಅದಕ್ಕೆ ಒಪ್ಪಿಗೆ ನೀಡಿತು. ಅದರಂತೆ ಮಾಜಿ ಆಟಗಾರರಿಗೆ, ಅವರಲ್ಲಿ ಮಹಿಳೆಯರಿಗೆ ನಿಗದಿತ ಪಾಲಿನೊಂದಿಗೆ, ಸಾಮಾನ್ಯ ಸಭೆಯಲ್ಲೂ ಕಾರ್ಯಕಾರಿ ಸಮಿತಿಯಲ್ಲೂ ಸ್ಥಾನ ಸಿಗುತ್ತದೆ. ಒಬ್ಬರೇ ರಾಜ್ಯದಲ್ಲೂ ದೆಹಲಿಯಲ್ಲೂ ಏಕಕಾಲಕ್ಕೆ ಪದಾಧಿಕಾರಿಯಾಗಿರಬಹುದೇ ಎಂಬುದು ಅತಿ ಹೆಚ್ಚು ಚರ್ಚೆಗೆ ಬಂದ ವಿಷಯವಾಗಿತ್ತು. 2022ರಲ್ಲಿ ಆಯ್ಕೆಯಾದ ಆಡಳಿತ ಮಂಡಳಿಯ ಅವಧಿ 2026ರ ಸೆಪ್ಟೆಂಬರ್‌ವರೆಗೆ. ಇದರ ಜೊತೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಎಲ್ಲ ಕ್ರೀಡಾ ಒಕ್ಕೂಟಗಳ ಮಾನ್ಯತೆಗೆ ಕ್ರೀಡಾ ಮಂಡಳಿಯನ್ನೂ ವ್ಯಾಜ್ಯಗಳಿಗೆ ನ್ಯಾಯಮಂಡಳಿಯನ್ನೂ ರೂಪಿಸುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಕೇಳಬೇಕಾದದ್ದು

ಹಾಸನದ ಅಥವಾ ಚಿಕ್ಕಮಗಳೂರಿನ ಪೋಷಕರೊಬ್ಬರಿಗೆ ದೆಹಲಿಯ ಚುನಾವಣೆ ದೂರದ ಮಾತಾಗಿ ಕಾಣಬಹುದು. ಆದರೆ ಈ ವ್ಯವಸ್ಥೆಯಲ್ಲಿ ಅವರ ಕೈಗೆ ಎಟುಕುವ ಹಂತ ಜಿಲ್ಲೆಯದು. ನನ್ನ ತಿಳಿವಳಿಕೆಯಲ್ಲಿ ಅತಿ ಹೆಚ್ಚು ಗಮನ ಬೇಕಾಗಿರುವುದೂ ಅಲ್ಲಿಯೇ. ಬೆಂಗಳೂರಿನಲ್ಲಿ ಹಂತ ಹಂತದ ಡಿವಿಷನ್ ಲೀಗ್‌ಗಳಿವೆ, ಹುಡುಗನೊಬ್ಬ ಒಂದು ಋತುವಿನಲ್ಲಿ ಹಲವು ಅಧಿಕೃತ ಪಂದ್ಯಗಳನ್ನು ಆಡುತ್ತಾನೆ. ಮಲೆನಾಡಿನಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಮೈದಾನವೇ ಸಿಗುವುದಿಲ್ಲ. ಬಿಸಿಲು ಬಿದ್ದ ತಿಂಗಳುಗಳಲ್ಲಿ ನಡೆಯುವುದು ಹೆಚ್ಚಾಗಿ ಎರಡು ಮೂರು ದಿನಗಳ ನಾಕೌಟ್ ಪಂದ್ಯಾವಳಿಗಳು. ಅಲ್ಲಿ ಮೊದಲ ಪಂದ್ಯದಲ್ಲೇ ಸೋತ ತಂಡದ ಹುಡುಗರಿಗೆ ಆ ವರ್ಷದ ಆಟ ಅಷ್ಟಕ್ಕೇ ಮುಗಿಯುತ್ತದೆ. ಪ್ರತಿಭೆ ಬೆಳೆಯಲು ಬೇಕಾದದ್ದು ವಾರಕ್ಕೊಂದು ಪಂದ್ಯದಂತೆ ತಿಂಗಳುಗಟ್ಟಲೆ ನಡೆಯುವ ಲೀಗ್.

ಆದ್ದರಿಂದ ಮಗುವನ್ನು ಶಿಬಿರಕ್ಕೆ ಸೇರಿಸುವಾಗ ಆ ಅಕಾಡೆಮಿ ರಾಜ್ಯ ಸಂಸ್ಥೆಯ ಮಾನ್ಯತೆ ಪಡೆದಿದೆಯೇ, ಮಗುವಿನ ಹೆಸರನ್ನು ಸಿಆರ್‌ಎಸ್‌ನಲ್ಲಿ ನೋಂದಾಯಿಸುತ್ತದೆಯೇ, ನೋಂದಣಿ ಸಂಖ್ಯೆಯನ್ನು ಪೋಷಕರಿಗೆ ಕೊಡುತ್ತದೆಯೇ ಎಂದು ಕೇಳಬೇಕು. ಒಂದು ಕ್ಲಬ್‌ನಲ್ಲಿ ನೋಂದಣಿಯಾದ ಆಟಗಾರ ಇನ್ನೊಂದು ಕ್ಲಬ್ ಪರ ಅಧಿಕೃತ ಪಂದ್ಯ ಆಡಬೇಕಾದರೆ ವರ್ಗಾವಣೆಯ ಕ್ರಮ ಇದೆ. ಅದನ್ನು ತಿಳಿಯದೆ ಎರಡು ಕಡೆ ಸಹಿ ಹಾಕಿಸಿದರೆ ತೊಂದರೆಗೆ ಸಿಲುಕುವುದು ಮಗುವೇ. ಮಾನ್ಯತೆ ಇಲ್ಲದ ಹಬ್ಬದ ಪಂದ್ಯಾವಳಿ, ಏಳು ಜನರ ಸೆವೆನ್ಸ್ ಪಂದ್ಯಾವಳಿ ಇವುಗಳಲ್ಲಿ ಆಡುವ ಮೊದಲು ನೋಂದಾಯಿತ ಆಟಗಾರರು ತಮ್ಮ ಕ್ಲಬ್‌ನ ಅನುಮತಿ ಪಡೆಯುವುದು ಕ್ಷೇಮ. ಜಿಲ್ಲಾ ಸಂಸ್ಥೆಯನ್ನು ಕೇಳಬೇಕಾದದ್ದೂ ಇದೆ: ಈ ವರ್ಷ ಜಿಲ್ಲಾ ಲೀಗ್ ಯಾವ ತಿಂಗಳಲ್ಲಿ, ಬಾಲಕಿಯರಿಗೆ ಪಂದ್ಯಗಳಿವೆಯೇ, ರಾಜ್ಯ ತಂಡದ ಆಯ್ಕೆ ಎಲ್ಲಿ ಮತ್ತು ಯಾವ ದಿನ, ರೆಫರಿ ಪರೀಕ್ಷೆ ಬರೆಯಲು ಇಚ್ಛಿಸುವ ಕಾಲೇಜು ಹುಡುಗ ಹುಡುಗಿಯರು ಯಾರನ್ನು ಕಾಣಬೇಕು. ಈ ಮಾಹಿತಿಯನ್ನು ತಾಲ್ಲೂಕಿನ ಶಾಲೆಗಳಿಗೂ ಎಸ್ಟೇಟ್ ತಂಡಗಳಿಗೂ ಮುಂಚಿತವಾಗಿ ತಲುಪಿಸುವುದು ಜಿಲ್ಲಾ ಸಂಸ್ಥೆಯ ಕೆಲಸ, ಅದನ್ನು ಕೇಳಿ ಪಡೆಯುವುದು ಪೋಷಕರ ಹಕ್ಕು.